ನೀರಿನಲ್ಲಿ ತಣ್ಣಗಾಗುವ ಡೆಸ್ಕ್‌ಟಾಪ್: ಬಿಚ್ಚುವ ದಿನದಿಂದ ಯೋಜನೆ ಶುರು ಮಾಡಿ

ನನ್ನ ಮೊದಲ ವಾಟರ್ ಕೂಲ್ಡ್ ಕಂಪ್ಯೂಟರನ್ನು 2019ರಲ್ಲಿ ಜೋಡಿಸಿದೆ. ಗಾಜಿನಂಥ ಪೈಪು, ಅದರೊಳಗೆ ಹಾಲಿನ ಹಾಗೆ ದಟ್ಟವಾದ ನೀಲಿ ಕೂಲಂಟ್, ಅಂದರೆ ಬಿಸಿ ಹೊತ್ತೊಯ್ಯುವ ದ್ರವ. ಮನೆಗೆ ಬಂದವರೆಲ್ಲ ಫೋಟೊ ತೆಗೆದುಕೊಂಡು ಹೋದರು. ಎಂಟು ತಿಂಗಳಾದ ಮೇಲೆ ಪ್ರೊಸೆಸರ್‌ನ ಬಿಸಿ ಮೆಲ್ಲಗೆ ಏರತೊಡಗಿತು. ಪ್ರೊಸೆಸರ್ ಮೇಲೆ ಕೂತು ಅದರ ಬಿಸಿಯನ್ನು ನೀರಿಗೆ ದಾಟಿಸುವ ಲೋಹದ ಬ್ಲಾಕನ್ನು ಬಿಚ್ಚಿ ನೋಡಬೇಕೆಂದರೆ ಮೊದಲು ನೀರು ಖಾಲಿ ಮಾಡಬೇಕು. ಅದಕ್ಕೆ ನಾನು ದಾರಿಯನ್ನೇ ಇಟ್ಟಿರಲಿಲ್ಲ.

ಕೊನೆಗೆ ಕೆಳಗಿನ ಒಂದು ಪೈಪನ್ನೇ ಕಿತ್ತು, ಟವೆಲ್ ಒತ್ತಿ ಹಿಡಿದು, ನೀರು ಎಸ್‌ಎಂಪಿಎಸ್ (ಯಂತ್ರಕ್ಕೆ ಕರೆಂಟು ಕೊಡುವ ಡಬ್ಬಿ) ಕಡೆ ಹರಿಯದ ಹಾಗೆ ನನ್ನ ತಮ್ಮ ಕ್ಯಾಬಿನೆಟ್ ಓರೆ ಮಾಡಿ ನಿಂತ. ಒಂದು ಗಂಟೆ ಒದ್ದಾಡಿದೆವು. ಬ್ಲಾಕಿನ ಮುಚ್ಚಳ ಎತ್ತಿದಾಗ ಕಂಡಿದ್ದು ಇಂದಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ತಾಮ್ರದ ಸಣ್ಣ ಸಣ್ಣ ಎಸಳುಗಳ ನಡುವೆ ಕೂದಲೆಳೆಯಷ್ಟು ಸಂದು ಇರುತ್ತದೆ. ಆ ಸಂದುಗಳಲ್ಲಿ ಮುಕ್ಕಾಲು ಪಾಲು ಮುಚ್ಚಿಹೋಗಿತ್ತು. ತಣ್ಣಗಾದ ಹಾಲಿನ ಕೆನೆಯಂಥ ಬಿಳಿ ಅಂಟು. ಮೆತ್ತನೆಯ ಟೂತ್‌ಬ್ರಷ್ ಹಿಡಿದು ಎಸಳಿನ ಉದ್ದಕ್ಕೇ ಉಜ್ಜಿ ಉಜ್ಜಿ ತೆಗೆದೆ.

ಆಮೇಲೆ ಜೋಡಿಸಿದ ಯಂತ್ರಗಳನ್ನೆಲ್ಲ ಹಿಂದಿನಿಂದ ಮುಂದಕ್ಕೆ ಯೋಚಿಸಿಯೇ ಜೋಡಿಸಿದ್ದೇನೆ. ನೀರು ಎಲ್ಲಿಂದ ಹೊರಗೆ ಹೋಗುತ್ತದೆ, ಕಾರ್ಡ್ ಕೆಟ್ಟರೆ ಏನೇನು ಬಿಚ್ಚಬೇಕು, ಇದು ಮೊದಲು. ಉಳಿದಿದ್ದು ಆಮೇಲೆ. ನೀವು ದೊಡ್ಡ ಬಜೆಟ್ಟಿನ ಯಂತ್ರವೊಂದನ್ನು ಯೋಚಿಸುತ್ತಿದ್ದರೆ, ಒಂದು ರೂಪಾಯಿ ಖರ್ಚು ಮಾಡುವ ಮುಂಚೆ ಒಂದು ನೋಟ್‌ಬುಕ್ ತೆಗೆದುಕೊಂಡು ಕೂತುಕೊಳ್ಳಿ.

ನಿಮಗೆ ಇದು ಬೇಕಾ?

ಕಸ್ಟಮ್ ಲೂಪ್ ಅಂದರೆ ಪ್ರೊಸೆಸರ್ ಮೇಲೊಂದು, ಗ್ರಾಫಿಕ್ಸ್ ಕಾರ್ಡ್ ಮೇಲೊಂದು ಬ್ಲಾಕ್ ಕೂರಿಸಿ, ಒಂದೇ ಪಂಪಿನಿಂದ ನೀರು ಸುತ್ತಿಸಿ, ರೇಡಿಯೇಟರ್‌ನಲ್ಲಿ ಬಿಸಿ ಬಿಡುವ ವ್ಯವಸ್ಥೆ. ಕಾರಿನ ಎಂಜಿನ್‌ನಲ್ಲಿ ನಡೆಯುವುದೂ ಇದೇ. ಅಂಗಡಿಯಲ್ಲಿ ಸೀಲ್ ಮಾಡಿಯೇ ಸಿಗುವ ಎಐಒ ಕೂಲರ್ ಇದಲ್ಲ. ಅದಕ್ಕೆ ಇಷ್ಟೆಲ್ಲ ಯೋಚನೆ ಬೇಡ.

ಬರೀ ಪ್ರೊಸೆಸರ್ ತಣ್ಣಗಿಡಲು ಈ ಖರ್ಚು ಮಾಡಬೇಡಿ. ಎಎಂಡಿಯ ರೈಜನ್ 9 9950ಎಕ್ಸ್ ಪೂರ್ತಿ ಕೆಲಸದಲ್ಲಿ 230 ವ್ಯಾಟ್ ತನಕ ಎಳೆಯುತ್ತದೆ. ಆದರೆ ಆ ಶಾಖ ಹೊರಬರುವುದು ಉಗುರಗಲದ ಚಿಪ್ಪುಗಳಿಂದ, ಅವುಗಳ ಮೇಲಿರುವ ಲೋಹದ ಮುಚ್ಚಳವನ್ನು ದಾಟಿ. ಅಡಚಣೆ ಇರುವುದೇ ಅಲ್ಲಿ. ಮೇಲೆ ಎಷ್ಟು ನೀರು ಹರಿಸಿದರೂ ಒಂದು ಒಳ್ಳೆಯ ಮೂರು ಫ್ಯಾನಿನ ಎಐಒಗಿಂತ ಕೆಲವೇ ಡಿಗ್ರಿ ಕಡಿಮೆಯಾಗುತ್ತದೆ, ಅಷ್ಟೆ.

ಗ್ರಾಫಿಕ್ಸ್ ಕಾರ್ಡ್ ಕಥೆ ಬೇರೆ. ಅಲ್ಲಿ ಚಿಪ್ಪು ದೊಡ್ಡದು, ಮೇಲೆ ಮುಚ್ಚಳ ಇಲ್ಲ, ಬ್ಲಾಕ್ ನೇರವಾಗಿ ಅದರ ಮೇಲೆ ಕೂರುತ್ತದೆ. ಗಾಳಿಯಲ್ಲಿ 70 ಡಿಗ್ರಿಯ ಆಚೆ ಓಡುವ ಕಾರ್ಡು ನೀರಿನಲ್ಲಿ 50ರ ಆಸುಪಾಸಿಗೆ ಇಳಿಯುವುದು ಸಾಮಾನ್ಯ. ಕೂಗಾಡುವ ಮೂರು ಫ್ಯಾನ್ ಹೋಗಿ, ಮೆಲ್ಲಗೆ ತಿರುಗುವ ದೊಡ್ಡ ಫ್ಯಾನ್‌ಗಳು ಬರುತ್ತವೆ. ರಾತ್ರಿಯಿಡೀ ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರಿನಲ್ಲಿ ರೆಂಡರ್ ಹಾಕಿ ಅದೇ ರೂಮಿನಲ್ಲಿ ಮಲಗುವವರಿಗೆ ಇದರ ಬೆಲೆ ಗೊತ್ತು. ಕಾರ್ಡ್ ದೊಡ್ಡದಿದ್ದು, ಗಂಟೆಗಟ್ಟಲೆ ಪೂರ್ತಿ ದುಡಿಯುತ್ತದೆ ಅಂತಾದರೆ ಮುಂದೆ ಓದಿ.

ಇನ್ನೊಂದು ಮಾತು. ನೀರು ಹಾಕಿದರೆ ರೂಮು ತಂಪಾಗುವುದಿಲ್ಲ. ಯಂತ್ರ ಎಳೆದ ಕರೆಂಟೆಲ್ಲ ಶಾಖವಾಗಿ ರೂಮಿಗೇ ಬರುತ್ತದೆ. ಒಂದು ಟನ್ ಎಸಿ ರೂಮಿನಿಂದ ಎಳೆದು ಹೊರಗೆ ಹಾಕುವ ಶಾಖ ಸುಮಾರು 3,500 ವ್ಯಾಟ್. ನಿಮ್ಮ ಯಂತ್ರ 800 ವ್ಯಾಟ್ ಉಗುಳಿದರೆ ಆ ಎಸಿಯ ಹತ್ತಿರ ಹತ್ತಿರ ಕಾಲು ಭಾಗ ಇದಕ್ಕೇ ಹೋಯಿತು.

ಶಾಖದ ಲೆಕ್ಕ

ಪುಸ್ತಕದ ಮೊದಲ ಪುಟದಲ್ಲಿ ಎರಡೇ ಅಂಕಿ ಬರೆಯಿರಿ. ಉದಾಹರಣೆಗೆ 9950ಎಕ್ಸ್ ಜೊತೆ 2025ರ ಜನವರಿಯಲ್ಲಿ ಬಂದ ಆರ್‌ಟಿಎಕ್ಸ್ 5090 ಗ್ರಾಫಿಕ್ಸ್ ಕಾರ್ಡ್ ತೆಗೆದುಕೊಳ್ಳೋಣ. ಕಾರ್ಡಿಗೆ 575 ವ್ಯಾಟ್, ಪ್ರೊಸೆಸರ್‌ಗೆ 230. ಒಟ್ಟು 805. ಲೂಪ್ ಹೊರಹಾಕಬೇಕಾದ ಶಾಖ ಇದು.

ಇನ್ನು ರೇಡಿಯೇಟರ್. ಇದನ್ನು ಫ್ಯಾನ್ ಅಳತೆಯಲ್ಲಿ ಹೇಳುತ್ತಾರೆ. 360 ಅಂದರೆ 120 ಮಿ.ಮೀ.ನ ಮೂರು ಫ್ಯಾನ್ ಹಿಡಿಯುವುದು, 280 ಅಂದರೆ 140ರ ಎರಡು. ಜೋಡಿಸುವವರು ಬಳಸುವ ಒರಟು ಲೆಕ್ಕ ಹೀಗಿದೆ: ಸದ್ದಿಲ್ಲದೆ ಓಡಬೇಕಾದರೆ ಪ್ರತಿ 120 ಮಿ.ಮೀ.ಗೆ 100 ವ್ಯಾಟ್, ಸ್ವಲ್ಪ ಸದ್ದು ಪರವಾಗಿಲ್ಲ ಅಂದರೆ 150 ವ್ಯಾಟ್. ನಮ್ಮ 805 ವ್ಯಾಟಿಗೆ ಎರಡು 360 ಇದ್ದರೆ ಬಿಗಿಯಾಗಿ ಸಾಲುತ್ತದೆ. ಮೂರು ಇದ್ದರೆ ನೆಮ್ಮದಿ.

ನಿಮ್ಮ ಊರು ಯಾವುದು ಅನ್ನುವುದೂ ಈ ಲೆಕ್ಕಕ್ಕೆ ಬರಬೇಕು. ರೇಡಿಯೇಟರ್ ಎಷ್ಟೇ ದೊಡ್ಡದಿರಲಿ, ನೀರು ರೂಮಿನ ಗಾಳಿಗಿಂತ ತಣ್ಣಗಾಗದು. ಒಳ್ಳೆಯ ಲೂಪಿನಲ್ಲಿ ಪೂರ್ತಿ ಕೆಲಸದ ಹೊತ್ತಿಗೆ ನೀರು ಗಾಳಿಗಿಂತ ಸುಮಾರು 10 ಡಿಗ್ರಿ ಮೇಲಿರುತ್ತದೆ. ಬೆಂಗಳೂರಿನಲ್ಲಿ 28 ಡಿಗ್ರಿಯ ರೂಮು ಅಂದರೆ ನೀರು 38. ಅದೇ ಯಂತ್ರವನ್ನು ಮೇ ತಿಂಗಳಲ್ಲಿ ಕಲಬುರಗಿಯಲ್ಲೋ ರಾಯಚೂರಿನಲ್ಲೋ ಎಸಿ ಇಲ್ಲದ ರೂಮಿನಲ್ಲಿ ಓಡಿಸಿ. ಗಾಳಿಯೇ 38 ಇದ್ದರೆ ನೀರು 48 ಮುಟ್ಟುತ್ತದೆ. ಸಾಮಾನ್ಯವಾಗಿ ಬಳಸುವ ಡಿ5 ಪಂಪು 60 ಡಿಗ್ರಿ ತನಕದ ನೀರಿಗೆ ಅಂತ ಮಾಡಿದ್ದು. ಅಪಾಯ ಇಲ್ಲ, ಆದರೆ ಕೈಯಲ್ಲಿ ಉಳಿಯುವ ಅಂತರ ಕಡಿಮೆ. ಆ ಕಡೆಯವರು ಎರಡು ರೇಡಿಯೇಟರ್‌ನಲ್ಲಿ ಉಳಿತಾಯ ಮಾಡಬೇಡಿ, ಮೂರನೆಯದಕ್ಕೂ ಜಾಗ ನೋಡಿಕೊಳ್ಳಿ.

ರಟ್ಟು ಕತ್ತರಿಸಿ ಕ್ಯಾಬಿನೆಟ್ ಆರಿಸಿ

ಲಿಯಾನ್ ಲಿ, ಫ್ರ್ಯಾಕ್ಟಲ್, ಫ್ಯಾಂಟೆಕ್ಸ್, ಕೋರ್ಸೇರ್ ಎಲ್ಲರ ಬಳಿಯೂ ದೊಡ್ಡ ಕ್ಯಾಬಿನೆಟ್ ಇವೆ. "ಮೂರು 360 ಹಿಡಿಯುತ್ತದೆ" ಅಂತ ಡಬ್ಬಿಯ ಮೇಲೆ ಬರೆದಿರುತ್ತಾರೆ. ಹಿಡಿಯುವುದು ನಿಜ. ಒಟ್ಟಿಗೆ ಹಿಡಿಯುತ್ತದಾ, ನಿಮ್ಮ ಮದರ್‌ಬೋರ್ಡ್ ಜೊತೆ ಹಿಡಿಯುತ್ತದಾ ಅನ್ನುವುದು ಬೇರೆ ಪ್ರಶ್ನೆ.

360ರ ರೇಡಿಯೇಟರ್ 360 ಮಿ.ಮೀ. ಇರುವುದಿಲ್ಲ. ಎರಡೂ ತುದಿಯ ಟ್ಯಾಂಕ್ ಸೇರಿ 400ರ ಹತ್ತಿರ ಇರುತ್ತದೆ. ದಪ್ಪ 30 ಮಿ.ಮೀ.ನದು ತೆಳುವಾದದ್ದು, 45, 60 ಕೂಡ ಸಿಗುತ್ತವೆ. ಅದಕ್ಕೆ 25 ಮಿ.ಮೀ. ಫ್ಯಾನ್ ಸೇರಿಸಿ. ಮೇಲ್ಗಡೆ 55 ಮಿ.ಮೀ. ಇಳಿದು ಬಂದರೆ ಮೆಮೊರಿ ಸ್ಟಿಕ್ಕಿನ ತಲೆಗೆ, ಇಲ್ಲವೇ ಪ್ರೊಸೆಸರ್‌ಗೆ ಕರೆಂಟು ಕೊಡುವ ಕೇಬಲ್ಲಿಗೆ ತಾಗುತ್ತದೆಯೋ ನೋಡಬೇಕು.

ನಾನು ಮಾಡುವುದು ಇಷ್ಟೆ. ಶೂ ಡಬ್ಬಿಯ ರಟ್ಟಿನಲ್ಲಿ ರೇಡಿಯೇಟರ್, ಫ್ಯಾನ್, ಕಾರ್ಡ್, ರಿಸರ್ವಾಯರ್ (ಲೂಪಿನ ನೀರಿನ ತೊಟ್ಟಿ) ಎಲ್ಲವನ್ನೂ ನಿಜ ಅಳತೆಗೆ ಕತ್ತರಿಸುತ್ತೇನೆ. ಕ್ಯಾಬಿನೆಟ್ಟಿನ ಅಳತೆಯನ್ನು ನೆಲದ ಮೇಲೆ ಚಾಕ್‌ಪೀಸಿನಲ್ಲಿ ಬರೆದು ಅದರೊಳಗೆ ರಟ್ಟುಗಳನ್ನು ಜೋಡಿಸಿ ನೋಡುತ್ತೇನೆ. ಕೈ ಎಲ್ಲಿ ಹೋಗುತ್ತದೆ, ಸ್ಕ್ರೂಡ್ರೈವರ್ ಎಲ್ಲಿ ತಿರುಗುವುದಿಲ್ಲ, ಆಗಲೇ ಕಾಣುತ್ತದೆ. ಒಂದು ಭಾನುವಾರದ ಬೆಳಗ್ಗೆ ಸಾಕು. ಕ್ಯಾಬಿನೆಟ್ ವಾಪಸ್ ಕಳಿಸುವ ತಾಪತ್ರಯ ತಪ್ಪುತ್ತದೆ.

ದೂಳು ನಮ್ಮ ಊರುಗಳಲ್ಲಿ ದೊಡ್ಡ ಶತ್ರು. ಬಿಚ್ಚಿ ತೊಳೆಯಲು ಬರುವ ಜಾಲರಿ ಫಿಲ್ಟರ್ ಇಲ್ಲದ ಕ್ಯಾಬಿನೆಟ್ ಎಷ್ಟೇ ಚೆಂದ ಇದ್ದರೂ ಬೇಡ. ಎಲ್ಲ ತುಂಬಿದ ಮೇಲೆ ತೂಕ 25 ಕಿಲೋ ದಾಟುತ್ತದೆ, ಇಡುವ ಟೇಬಲ್ ಗಟ್ಟಿ ಇದೆಯಾ ಅಂತಲೂ ನೋಡಿ.

ಕಾರ್ಡಿಗೆ ಮೊದಲು ಬ್ಲಾಕ್ ಹುಡುಕಿ

ಹೆಚ್ಚಿನವರು ಎಡವುವುದು ಇಲ್ಲೇ. ಒಂದೇ 5090 ಹೆಸರಿನಲ್ಲಿ ಹತ್ತಾರು ಕಂಪನಿಗಳ ಕಾರ್ಡುಗಳಿವೆ. ಒಳಗಿನ ಬೋರ್ಡ್ ಒಂದೊಂದರದ್ದೂ ಒಂದೊಂದು ಥರ. ಒಂದಕ್ಕೆ ಮಾಡಿದ ಬ್ಲಾಕ್ ಇನ್ನೊಂದಕ್ಕೆ ಕೂರುವುದಿಲ್ಲ. ಆಲ್ಫಾಕೂಲ್, ವಾಟರ್‌ಕೂಲ್, ಇಕೆ, ಬಿಟ್ಸ್‌ಪವರ್, ಬೈಕ್ಸ್‌ಕಿ ಇವರೆಲ್ಲ ಯಾವ ಬ್ಲಾಕ್ ಯಾವ ಕಾರ್ಡಿಗೆ ಅಂತ ಪಟ್ಟಿ ಕೊಟ್ಟಿರುತ್ತಾರೆ. ನಿಮಗೆ ನಿಜವಾಗಿ ಸಿಗುವ ಬ್ಲಾಕ್ ಯಾವುದು ನೋಡಿ, ಆಮೇಲೆ ಅದಕ್ಕೆ ಹೊಂದುವ ಕಾರ್ಡ್ ಕೊಳ್ಳಿ. ಮಾದರಿಯ ಪೂರ್ತಿ ಹೆಸರು, ಕೊನೆಯ ಅಕ್ಷರದ ತನಕ, ಹೊಂದಬೇಕು.

ಅಮೆರಿಕದಲ್ಲಿ 1,999 ಡಾಲರ್ ಬೆಲೆಗೆ ಬಿಡುಗಡೆಯಾದ ಈ ಕಾರ್ಡಿಗೆ ಇಲ್ಲಿ ಎರಡು ಲಕ್ಷದ ಮೇಲೆ ಕೊಡಬೇಕು. ಅಷ್ಟು ದುಡ್ಡಿನ ವಸ್ತುವನ್ನು ಬಂದ ದಿನವೇ ಬಿಚ್ಚಬೇಡಿ. ಕಂಪನಿ ಕೊಟ್ಟ ಗಾಳಿ ಕೂಲರ್‌ನಲ್ಲೇ ಎರಡು ವಾರ ಚೆನ್ನಾಗಿ ದುಡಿಸಿ. ದೋಷ ಇದ್ದರೆ ಆಗಲೇ ಗೊತ್ತಾಗಲಿ. ಕೂಲರ್ ಬಿಚ್ಚಿದರೆ ವಾರಂಟಿ ಉಳಿಯುತ್ತದಾ ಅಂತ ಕಂಪನಿಗೆ ಇಮೇಲ್ ಬರೆದು ಕೇಳಿ, ಉತ್ತರವನ್ನು ಇಟ್ಟುಕೊಳ್ಳಿ. ಅಂಗಡಿಯವರು ಬಾಯಲ್ಲಿ ಹೇಳಿದ್ದನ್ನು ನೆಚ್ಚಿಕೊಳ್ಳಬೇಡಿ. ಹಳೆ ಕೂಲರ್, ಅದರ ಸ್ಕ್ರೂ, ಎಲ್ಲವನ್ನೂ ಒಂದು ಕವರ್‌ನಲ್ಲಿ ಹಾಕಿ ಡಬ್ಬಿಯಲ್ಲೇ ಇಡಿ.

ಬ್ಲಾಕಿನ ಜೊತೆ ಬರುವ, ಶಾಖ ದಾಟಿಸುವ ಮೆತ್ತನೆಯ ಥರ್ಮಲ್ ಪ್ಯಾಡುಗಳ ದಪ್ಪ ಜಾಗದಿಂದ ಜಾಗಕ್ಕೆ ಬದಲಾಗಬಹುದು. ಮೆಮೊರಿ ಚಿಪ್ಪಿಗೆ ಒಂದು, ಕರೆಂಟು ಸರಿಹೊಂದಿಸುವ ಭಾಗಕ್ಕೆ ಇನ್ನೊಂದು. ದಪ್ಪದ ಪ್ಯಾಡ್ ತಪ್ಪು ಜಾಗಕ್ಕೆ ಬಿದ್ದರೆ ಬ್ಲಾಕ್ ಎತ್ತಿಕೊಂಡು ಮುಖ್ಯ ಚಿಪ್ಪಿಗೆ ಸರಿಯಾಗಿ ಒತ್ತುವುದಿಲ್ಲ. ಮ್ಯಾನುಯಲ್‌ನ ಚಿತ್ರ ಪಕ್ಕದಲ್ಲಿ ಇಟ್ಟುಕೊಂಡೇ ಅಂಟಿಸಿ.

ಉಳಿದ ಭಾಗಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಈ ಪ್ರೊಸೆಸರ್ ಕೂರುವ ಎಎಂ5 ಬೋರ್ಡಿನಲ್ಲಿ ಮೆಮೊರಿ ಎರಡೇ ಸ್ಟಿಕ್ ಹಾಕಿ, ನಾಲ್ಕು ಹಾಕಿದರೆ ವೇಗ ಇಳಿಯುತ್ತದೆ. ಬೋರ್ಡಿನಲ್ಲಿ ಎರಡು ಪಿನ್ನಿನ ಟೆಂಪರೇಚರ್ ಸೆನ್ಸರ್ ಜಾಗ ಇರಲೇಬೇಕು. ಯಾಕೆ ಅಂತ ಮುಂದೆ ಹೇಳುತ್ತೇನೆ. ಬಣ್ಣದ ಲೈಟು ನಿಮ್ಮ ಇಷ್ಟ.

ಪಂಪು, ಪೈಪು, ಫಿಟಿಂಗ್

ಪಂಪಿನಲ್ಲಿ ಡಿ5, ಡಿಡಿಸಿ ಅಂತ ಎರಡು ಜಾತಿ. ಡಿ5 ಸ್ವಲ್ಪ ದೊಡ್ಡದು, ಸದ್ದು ಕಡಿಮೆ, ವರ್ಷಗಟ್ಟಲೆ ಬಾಳುತ್ತದೆ. ಮೊದಲ ಸಲಕ್ಕೆ ಅದನ್ನೇ ತೆಗೆದುಕೊಳ್ಳಿ. ಪೂರ್ತಿ ವೇಗದಲ್ಲಿ 23 ವ್ಯಾಟ್ ತನಕ ಎಳೆಯುವುದರಿಂದ ಅದರ ಕರೆಂಟು ನೇರ ಎಸ್‌ಎಂಪಿಎಸ್‌ನಿಂದ ಬರಬೇಕು. ಮದರ್‌ಬೋರ್ಡಿಗೆ ಹೋಗುವುದು ವೇಗ ಹೇಳುವ ತಂತಿ ಮಾತ್ರ.

ನೀರು ಯಾವ ಭಾಗದಿಂದ ಯಾವುದಕ್ಕೆ ಹೋಗಬೇಕು ಅಂತ ತುಂಬ ಜನ ತಲೆ ಕೆಡಿಸಿಕೊಳ್ಳುತ್ತಾರೆ. ನಿಮಿಷಕ್ಕೆ 4 ಲೀಟರ್ ಹರಿಯುವ ಲೂಪಿನಲ್ಲಿ 800 ವ್ಯಾಟ್ ಶಾಖ ಸೇರಿದರೂ ಒಂದು ಸುತ್ತಿನಲ್ಲಿ ನೀರು ಬಿಸಿಯಾಗುವುದು 3 ಡಿಗ್ರಿಗಿಂತ ಸ್ವಲ್ಪ ಕಡಿಮೆ. ಹಾಗಾಗಿ ಕ್ರಮ ಹೇಗಿದ್ದರೂ ನಡೆಯುತ್ತದೆ, ಪೈಪು ಎಲ್ಲಿ ಚಿಕ್ಕದಾಗುತ್ತದೋ ಹಾಗೆ ಮಾಡಿ. ಒಂದೇ ನಿಯಮ: ರಿಸರ್ವಾಯರ್‌ನ ನೀರು ನೇರವಾಗಿ ಪಂಪಿಗೆ ಇಳಿಯಬೇಕು. ಪಂಪು ಒಣಗಿ ಓಡಬಾರದು.

ಪೈಪಿನ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿ. ಮೊದಲ ಸಲ ಕಪ್ಪು ಇಪಿಡಿಎಂ ರಬ್ಬರ್ ಪೈಪನ್ನೇ ಹಾಕಿ. ಗಟ್ಟಿ ಅಕ್ರಿಲಿಕ್ ಪೈಪನ್ನು ಹೀಟ್ ಗನ್ನಿನಿಂದ ಬಗ್ಗಿಸಿದ ಯಂತ್ರ ನೋಡಲು ಬಹಳ ಸುಂದರ, ಅದರ ಕೈಕೆಲಸದ ಬಗ್ಗೆ ನನಗೆ ಗೌರವ ಇದೆ. ಆದರೆ ಒಂದು ಭಾಗ ಅರ್ಧ ಇಂಚು ಜರುಗಿದರೂ ಪೈಪು ಮತ್ತೆ ಮಾಡಬೇಕು. ಪಾರದರ್ಶಕ ಮೆತ್ತನೆ ಪೈಪು ನನಗೆ ಕೆನೆಯ ಪಾಠ ಕಲಿಸಿದ್ದು. ಆ ಪ್ಲಾಸ್ಟಿಕ್ಕನ್ನು ಮೆತ್ತಗಿಡುವ ರಾಸಾಯನಿಕ ತಿಂಗಳುಗಳಲ್ಲಿ ನೀರಿಗೆ ಬಿಟ್ಟುಕೊಂಡು, ಬ್ಲಾಕಿನ ಸಂದುಗಳಲ್ಲಿ ಹೋಗಿ ಕೂರುತ್ತದೆ. ರಬ್ಬರಿನಲ್ಲಿ ಆ ಕಾಟ ಇಲ್ಲ.

ಪೈಪಿಗೆ ಎರಡು ಅಳತೆ ಇರುತ್ತದೆ, ಒಳಗಿನದು, ಹೊರಗಿನದು. 10/16 ಅಂದರೆ ಒಳಗೆ 10, ಹೊರಗೆ 16 ಮಿ.ಮೀ. ಫಿಟಿಂಗ್ ಎರಡಕ್ಕೂ ಹೊಂದಬೇಕು. 10/13ರ ಫಿಟಿಂಗ್ ತಂದು 10/16ರ ಪೈಪಿಗೆ ತಿರುಗಿಸಲು ಹೋದರೆ ಅದು ಕೂರುವುದೇ ಇಲ್ಲ. ಬ್ಲಾಕ್, ರೇಡಿಯೇಟರ್ ಕಡೆಯ ತಿರುಪಿನ ಥ್ರೆಡ್ ಮಾತ್ರ ಎಲ್ಲರದ್ದೂ ಒಂದೇ, ಜಿ1/4.

ಎಷ್ಟು ಬೇಕು ಅಂತ ಬೆರಳು ಮಡಚಿ ಎಣಿಸಿ. ಎರಡು ಬ್ಲಾಕ್, ಮೂರು ರೇಡಿಯೇಟರ್, ಒಂದು ಪಂಪು-ರಿಸರ್ವಾಯರ್. ಆರು ಭಾಗಕ್ಕೆ ಎರಡೆರಡು, ಹನ್ನೆರಡು. ತಿರುವಿಗೆ 90 ಡಿಗ್ರಿಯ ನಾಲ್ಕೈದು. ಮುಚ್ಚಲು ಎರಡು ಪ್ಲಗ್. ಎರಡು ಹೆಚ್ಚುವರಿ. ಎಲ್ಲ ಸೇರಿದಾಗ ಬಿಲ್ಲು ನೋಡಿ ಗಾಬರಿಯಾಗುವುದು ಸಹಜ. ಆ ಸಾಲನ್ನು ಬಜೆಟ್ಟಿನಲ್ಲಿ ಮೊದಲೇ ಬರೆದುಬಿಡಿ.

ಲೋಹದ ಬಗ್ಗೆ ಒಂದು ಎಚ್ಚರ. ತಾಮ್ರ, ಹಿತ್ತಾಳೆ, ನಿಕಲ್ ಲೇಪ ಇವು ಒಂದು ಮನೆಯವು. ಅಲ್ಯೂಮಿನಿಯಂ ಬೇರೆ ಮನೆ. ಎರಡನ್ನೂ ಒಂದೇ ನೀರಿನಲ್ಲಿ ಸೇರಿಸಿದರೆ ಬ್ಯಾಟರಿಯ ಹಾಗೆ ಕೆಲಸ ಶುರುವಾಗಿ ಅಲ್ಯೂಮಿನಿಯಂ ಕರಗುತ್ತಾ ಹೋಗುತ್ತದೆ. ಅಗ್ಗದ ರೇಡಿಯೇಟರ್‌ಗಳು, ಎಐಒದಿಂದ ಕಿತ್ತ ರೇಡಿಯೇಟರ್‌ಗಳು ಹೆಚ್ಚಾಗಿ ಅಲ್ಯೂಮಿನಿಯಂನವೇ. ಬೆಲೆ ಕಡಿಮೆ ಅಂತ ತರಬೇಡಿ.

ನೀರು ಹೊರಗೆ ಹೋಗುವ ದಾರಿ

ನೋಟ್‌ಬುಕ್ಕಿನಲ್ಲಿ ಲೂಪಿನ ಚಿತ್ರ ಬರೆಯಿರಿ. ಚಂದ ಇರಬೇಕಾಗಿಲ್ಲ. ಎಲ್ಲಕ್ಕಿಂತ ಕೆಳಗಿನ ಬಿಂದು ಯಾವುದು? ಅಲ್ಲೊಂದು ಟಿ ಆಕಾರದ ಫಿಟಿಂಗ್, ಅದಕ್ಕೊಂದು ಬಾಲ್ ವಾಲ್ವ್, ವಾಲ್ವ್ ಬಾಯಿಗೆ ಪ್ಲಗ್. ಖಾಲಿ ಮಾಡುವ ದಿನ ಪ್ಲಗ್ ತೆಗೆದು, ಅರ್ಧ ಮೀಟರ್ ಪೈಪು ಸಿಕ್ಕಿಸಿ, ಬಕೆಟ್ಟಿಗೆ ಬಿಟ್ಟು ವಾಲ್ವ್ ತಿರುಗಿಸಿದರೆ ಆಯಿತು. ಮೇಲ್ಗಡೆ ಇನ್ನೊಂದು ಪ್ಲಗ್ ತೆಗೆದರೆ ಮಾತ್ರ ಗಾಳಿ ಒಳಗೆ ಬಂದು ನೀರು ಇಳಿಯುತ್ತದೆ. ಡ್ರಮ್ಮಿನ ಮೇಲಿನ ಮುಚ್ಚಳ ಸಡಿಲಿಸಿದ ಹಾಗೆ.

ವಾಲ್ವ್ ಕೈಗೆ ಸಿಗುವ ಕಡೆ ಇರಬೇಕು. ಬಕೆಟ್ ಕೆಳಗೆ ಇಡಲು ಕ್ಯಾಬಿನೆಟ್ಟನ್ನು ಟೇಬಲ್ ಅಂಚಿಗೆ ಎಳೆಯಲು ಆಗಬೇಕು. ಕಾರ್ಡಿನ ಎರಡೂ ಕಡೆ ಕ್ವಿಕ್ ಡಿಸ್‌ಕನೆಕ್ಟ್ ಫಿಟಿಂಗ್ ಹಾಕಿದರೆ ಇನ್ನೂ ಸುಲಭ. ಅವು ಬಿಚ್ಚಿದ ಕೂಡಲೇ ತಾವಾಗಿ ಮುಚ್ಚಿಕೊಳ್ಳುತ್ತವೆ, ನೀರು ಖಾಲಿ ಮಾಡದೆಯೇ ಕಾರ್ಡ್ ಹೊರಗೆ ಬರುತ್ತದೆ. ಬೆಲೆ ಜಾಸ್ತಿ, ಹರಿವು ಸ್ವಲ್ಪ ಇಳಿಯುತ್ತದೆ. ಆದರೂ ನಾನು ಲೈಟುಗಳ ದುಡ್ಡು ಉಳಿಸಿ ಇದಕ್ಕೆ ಹಾಕುತ್ತೇನೆ. ಬಾಡಿಗೆ ಮನೆಯಲ್ಲಿದ್ದು ಆಗಾಗ ಮನೆ ಬದಲಿಸುವವರಿಗೆ ಡ್ರೈನ್ ವಾಲ್ವ್ ಎಷ್ಟು ಮುಖ್ಯ ಅಂತ ಬೇರೆ ಹೇಳಬೇಕಾಗಿಲ್ಲ ಅಲ್ವಾ? ನೀರು ತುಂಬಿದ ಯಂತ್ರವನ್ನು ಟೆಂಪೋದಲ್ಲಿ ಸಾಗಿಸಬಾರದು.

ಯಾವ ನೀರು?

ನಲ್ಲಿ ನೀರು ಬೇಡ. ಬೋರ್ ನೀರಂತೂ ಬೇಡವೇ ಬೇಡ. ಬೋರ್ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುವುದನ್ನು ನೋಡಿದ್ದೀರಲ್ಲ, ಅದೇ ಬ್ಲಾಕಿನಲ್ಲೂ ಕಟ್ಟುತ್ತದೆ. ಕುಡಿಯುವ ಆರ್‌ಒ ನೀರಿನಲ್ಲೂ ಸ್ವಲ್ಪ ಲವಣ ಉಳಿದಿರುತ್ತದೆ.

ಡಿಸ್ಟಿಲ್ಡ್ ನೀರು ಸರಿ. ಆದರೆ ಬರೀ ಅದೊಂದೇ ಸಾಲದು. ಪಾಚಿ ಬೆಳೆಯದಂತೆ, ಲೋಹ ಸವೆಯದಂತೆ ತಡೆಯುವ ದ್ರಾವಣ ಅದಕ್ಕೆ ಸೇರಬೇಕು. ಅಂಗಡಿಯಲ್ಲಿ ಸಿಗುವ ಬ್ಯಾಟರಿ ನೀರಿನಲ್ಲಿ ಲವಣ ತೆಗೆದಿರುತ್ತಾರೆ, ಗುಣಮಟ್ಟ ಮಾತ್ರ ಕ್ಯಾನಿನಿಂದ ಕ್ಯಾನಿಗೆ ಬೇರೆ. ನಾನು ಅದನ್ನು ತೊಳೆಯಲು ಬಳಸುತ್ತೇನೆ, ತುಂಬಲು ಬಳಸುವುದಿಲ್ಲ. ತುಂಬಲು ಕಂಪನಿಯವರೇ ಬೆರೆಸಿಕೊಟ್ಟ ಕೂಲಂಟ್ ನೆಮ್ಮದಿ. ಅಕ್ವಾ ಕಂಪ್ಯೂಟರ್‌ನವರ ಡಬಲ್ ಪ್ರೊಟೆಕ್ಟ್ ಅಲ್ಟ್ರಾ ಅಂಥದ್ದೊಂದು. ಲೂಪಿಗೆ ಒಂದರಿಂದ ಒಂದೂವರೆ ಲೀಟರ್ ಹಿಡಿಯುತ್ತದೆ, ಎರಡು ಲೀಟರ್ ತರಿಸಿ. ಹಾಲಿನಂತೆ ದಟ್ಟ ಬಣ್ಣದ ಕೂಲಂಟ್ ಬೇಡ. ಆ ಬಣ್ಣ ಅಂದರೆ ನೀರಿನಲ್ಲಿ ತೇಲುವ ಕಣಗಳು. ನಿಂತಲ್ಲಿ ಅವು ಕೆಳಗೆ ಕೂರುತ್ತವೆ.

ಇಂಥ ಎಷ್ಟೋ ಕೂಲಂಟ್‌ಗಳಲ್ಲಿ ಎಥಿಲೀನ್ ಗ್ಲೈಕಾಲ್ ಇರುತ್ತದೆ. ಅದು ವಿಷ, ರುಚಿ ಸಿಹಿ. ಮಕ್ಕಳು, ನಾಯಿ, ಬೆಕ್ಕು ಇರುವ ಮನೆಯಲ್ಲಿ ಬಾಟಲಿ ಎತ್ತರದಲ್ಲಿ ಇಡಿ. ಅಡುಗೆ ಮನೆಯ ಪಾತ್ರೆ, ಕುಡಿಯುವ ನೀರಿನ ಬಾಟಲಿ ಈ ಕೆಲಸಕ್ಕೆ ಬಳಸಲೇಬೇಡಿ.

ಕರೆಂಟು

ಕಾರ್ಡ್, ಪ್ರೊಸೆಸರ್, ಉಳಿದದ್ದೆಲ್ಲ ಸೇರಿ 900 ವ್ಯಾಟ್ ಹತ್ತಿರ. ಎಸ್‌ಎಂಪಿಎಸ್ ಒಳಗಿನ ನಷ್ಟ ಸೇರಿಸಿದರೆ ಗೋಡೆಯಿಂದ ಎಳೆಯುವುದು 1,000. ಪೂರ್ತಿ ಕೆಲಸದಲ್ಲಿ ಗಂಟೆಗೆ ಒಂದು ಯೂನಿಟ್. ಎರಡು ಮಾನಿಟರ್ ಸೇರಿದರೆ 1,100 ದಾಟುತ್ತದೆ. ಸಾಮಾನ್ಯ 6 ಆಂಪಿಯರ್ ಪಾಯಿಂಟಿನ ಮಿತಿ 230 ವೋಲ್ಟಿನಲ್ಲಿ 1,380 ವ್ಯಾಟ್. ಗಂಟೆಗಟ್ಟಲೆ ಅಷ್ಟು ಹತ್ತಿರ ಓಡಿಸುವುದು ಬೇಡ. ಎಸಿಗೆ ಕೊಡುವಂಥ 16 ಆಂಪಿಯರ್ ಪಾಯಿಂಟ್ ಹಾಕಿಸಿ. ಎಲೆಕ್ಟ್ರಿಷಿಯನ್ ಬಂದಾಗಲೇ ಅರ್ಥಿಂಗ್ ಪರೀಕ್ಷೆ ಮಾಡಿಸಿ. ಲೋಹದ ಡಬ್ಬಿಯೊಳಗೆ ನೀರು ಇರುತ್ತದೆ, ಅರ್ಥಿಂಗ್ ವಿಷಯದಲ್ಲಿ ಉದಾಸೀನ ಸಲ್ಲ.

ಎಸ್‌ಎಂಪಿಎಸ್ 1,200 ವ್ಯಾಟ್, ಎಟಿಎಕ್ಸ್ 3.1, 80 ಪ್ಲಸ್ ಗೋಲ್ಡ್ ಇಲ್ಲವೇ ಅದಕ್ಕಿಂತ ಮೇಲಿನದು. ಕಾರ್ಡಿಗೆ ಕರೆಂಟು ಕೊಡುವ 12ವಿ-2×6 ಕನೆಕ್ಟರ್ ಪೂರ್ತಿ ಒಳಗೆ ಹೋಗಿದೆಯಾ ಅಂತ ಟಾರ್ಚ್ ಹಿಡಿದು ನೋಡಿ. ಅರೆಬರೆ ಕೂತ ಕನೆಕ್ಟರ್ ಬಿಸಿಯಾಗಿ ಕರಗುತ್ತದೆ.

ಯುಪಿಎಸ್ ಮೇಲೆ ಬರೆದ ದೊಡ್ಡ ಅಂಕಿ ವಿಎ, ವ್ಯಾಟ್ ಅಲ್ಲ. 1,100 ವಿಎ ಅಂತ ಬರೆದ ಎಷ್ಟೋ ಯುಪಿಎಸ್ ಕೊಡುವುದು 660 ವ್ಯಾಟ್. ಈ ಯಂತ್ರಕ್ಕೆ ಕನಿಷ್ಠ 1,200 ವ್ಯಾಟ್ ನಿಜವಾಗಿ ಕೊಡುವ, ಸೈನ್ ವೇವ್ ಯುಪಿಎಸ್ ಬೇಕು. ಮನೆಯ ದೀಪ-ಫ್ಯಾನಿಗೆ ಹಾಕಿಸಿದ ಇನ್ವರ್ಟರ್ ಮೇಲೆ ಇದನ್ನು ಹಾಕಬೇಡಿ. ಕರೆಂಟು ಹೋದರೆ ಪಂಪು ನಿಂತು ಸುಟ್ಟುಹೋಗುತ್ತದೆ ಅಂತ ಕೆಲವರಿಗೆ ಹೆದರಿಕೆ. ಪಂಪು ನಿಂತ ಕ್ಷಣವೇ ಶಾಖ ಕೊಡುವ ಚಿಪ್ಪುಗಳೂ ನಿಲ್ಲುತ್ತವೆ, ಏನೂ ಆಗುವುದಿಲ್ಲ.

ಕೊಳ್ಳುವಾಗ

ಪ್ರೊಸೆಸರ್, ಬೋರ್ಡ್, ಮೆಮೊರಿ, ಕ್ಯಾಬಿನೆಟ್ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ನಾಲ್ಕು ಅಂಗಡಿ ತಿರುಗಿದರೆ ಸಿಗುತ್ತವೆ. ಬ್ಲಾಕ್, ಫಿಟಿಂಗ್ ಹಾಗಲ್ಲ. ಹೆಚ್ಚಾಗಿ ಆನ್‌ಲೈನ್, ಕೆಲವು ಹೊರದೇಶದಿಂದ. ಹೊರಗಿಂದ ತರಿಸಿದರೆ ಸುಂಕ, ತೆರಿಗೆ, ಕೊರಿಯರ್ ಎಲ್ಲ ಸೇರಿಸಿಯೇ ಬೆಲೆ ಹೋಲಿಸಿ. ನಿಧಾನವಾಗಿ ಬರುವುದನ್ನು ಮೊದಲು ಆರ್ಡರ್ ಮಾಡಿ, ಬ್ಲಾಕ್ ಕೈಗೆ ಬಂದ ಮೇಲೆ ಕಾರ್ಡ್. ಫಿಟಿಂಗ್ ಎಲ್ಲ ಒಂದೇ ಕಂಪನಿಯದ್ದಿರಲಿ.

ಜೋಡಿಸಿ, ಗಾಳಿ ತುಂಬಿ, ಆಮೇಲೆ ನೀರು

ಹೊಸ ರೇಡಿಯೇಟರ್ ಒಳಗೆ ಬೆಸುಗೆಯ ಕೊಳೆ ಇರುತ್ತದೆ. ಕೈಗೆ ತಡೆಯುವಷ್ಟು ಬಿಸಿ ಮಾಡಿದ ಶುದ್ಧ ನೀರು ಅರ್ಧ ತುಂಬಿ, ಬಾಯಿ ಮುಚ್ಚಿ, ಕುಲುಕಿ, ಬಿಳಿ ಬಟ್ಟಲಿಗೆ ಸುರಿಯಿರಿ. ಕಪ್ಪು ಚೂರು ಬರುವುದು ನಿಲ್ಲುವ ತನಕ ಮಾಡಿ. ನಾಲ್ಕೈದು ಸಲ ಆಗುತ್ತದೆ.

ಫ್ಯಾನ್ ಹಾಕುವಾಗ ಸ್ಕ್ರೂ ಉದ್ದ ಅಳೆಯಿರಿ. 25 ಮಿ.ಮೀ. ಫ್ಯಾನಿಗೆ 30 ಮಿ.ಮೀ. ಸ್ಕ್ರೂ, ರೇಡಿಯೇಟರ್ ಒಳಗೆ ಹೋಗುವುದು 5. ಅದಕ್ಕಿಂತ ಉದ್ದದ್ದು ಹಾಕಿದರೆ ತುದಿ ನೀರಿನ ಕೊಳವೆಯನ್ನೇ ಚುಚ್ಚುತ್ತದೆ. ಕೊನೆಯಲ್ಲಿ ಬಿಗಿ ಅನ್ನಿಸಿದರೆ ಬಲ ಹಾಕಬೇಡಿ, ಹೊರತೆಗೆದು ನೋಡಿ. ಫಿಟಿಂಗ್‌ಗೂ ಅಷ್ಟೆ: ಕೈಯಲ್ಲಿ ಬಿಗಿಯಾಗುವಷ್ಟು ಸಾಕು. ಸೋರದಂತೆ ತಡೆಯುವುದು ಒಳಗಿನ ರಬ್ಬರ್ ರಿಂಗ್. ಸ್ಪ್ಯಾನರ್ ಹಾಕಿದರೆ ರಿಂಗ್ ಹಿಂಡಿ ಹೊರಬರುತ್ತದೆ, ಅಕ್ರಿಲಿಕ್ ಸೀಳುತ್ತದೆ. ಅಕ್ರಿಲಿಕ್ ಭಾಗಗಳನ್ನು ಸ್ಪಿರಿಟ್ಟಿನಲ್ಲಿ ಒರೆಸಬೇಡಿ, ಅದರಿಂದಲೂ ಬಿರುಕು ಬಿಡುತ್ತದೆ.

ನೀರಿಗೆ ಮುಂಚೆ ಗಾಳಿ. ಮೀಟರ್ ಇರುವ ಲೀಕ್ ಟೆಸ್ಟರ್ ಒಂದು ಕೊಳ್ಳಿ. ಸೈಕಲ್ ಪಂಪಿನ ಹಾಗೆ ಒತ್ತಿ ಗಾಳಿ ತುಂಬಿಸುವುದು. ಒತ್ತಡ ಸಾಮಾನ್ಯವಾಗಿ ಅರ್ಧ ಬಾರ್ ಒಳಗೆ. ನಿಮ್ಮ ರಿಸರ್ವಾಯರ್‌ನ ಮಿತಿ ಮ್ಯಾನುಯಲ್‌ನಲ್ಲಿ ನೋಡಿ, ಅದನ್ನು ದಾಟಬೇಡಿ. ಅರ್ಧ ಗಂಟೆ ಮುಳ್ಳು ಕದಲದಿದ್ದರೆ ಸರಿ. ಇಳಿದರೆ ಲೂಪನ್ನು ಎರಡು ಭಾಗ ಮಾಡಿ ಒಂದೊಂದನ್ನೇ ಪರೀಕ್ಷಿಸಿ, ತಪ್ಪಿತಸ್ಥ ಫಿಟಿಂಗ್ ಬೇಗ ಸಿಗುತ್ತದೆ.

ತುಂಬುವಾಗ ಪಂಪಿಗೆ ಬಿಟ್ಟು ಬೇರೆ ಯಾವುದಕ್ಕೂ ಕರೆಂಟು ಬೇಡ. ಬೋರ್ಡ್, ಕಾರ್ಡಿನ ಕೇಬಲ್ ಎಲ್ಲ ಕಿತ್ತಿಡಿ. ಎಸ್‌ಎಂಪಿಎಸ್‌ನ 24 ಪಿನ್ನಿನ ಕೇಬಲ್ಲಿಗೆ ಜಂಪರ್ ಪ್ಲಗ್ ಹಾಕಿದರೆ ಬೋರ್ಡ್ ಇಲ್ಲದೆಯೇ ಅದು ಆನ್ ಆಗುತ್ತದೆ. ಫಿಟಿಂಗ್‌ಗಳ ಕೆಳಗೆ ಟಿಶ್ಯೂ ಪೇಪರ್ ಹಾಸಿ. ರಿಸರ್ವಾಯರ್ ತುಂಬಿ, ಸ್ವಿಚ್ ಹಾಕಿ, ಎರಡು ಸೆಕೆಂಡು. ನೀರು ಸರ್ರನೆ ಇಳಿಯುತ್ತದೆ. ಪಂಪಿನ ಬಾಯಿ ಕಾಣುವ ಮುಂಚೆ ಆಫ್ ಮಾಡಿ. ಮತ್ತೆ ತುಂಬಿ. ಹೀಗೆ ಹತ್ತು ಹದಿನೈದು ಸಲ. ಒಳಗಿನಿಂದ ಎಳನೀರಿನ ತಳ ಹೀರಿದಾಗ ಬರುವಂಥ ಗೊರ ಗೊರ ಸದ್ದು ಬರುತ್ತಿರುತ್ತದೆ. ಅದು ಗಾಳಿ. ಕ್ಯಾಬಿನೆಟ್ಟನ್ನು ಮೆಲ್ಲಗೆ ಹಿಂದಕ್ಕೆ, ಮುಂದಕ್ಕೆ, ಪಕ್ಕಕ್ಕೆ ಓರೆ ಮಾಡಿದರೆ ರೇಡಿಯೇಟರ್ ಮೂಲೆಯಲ್ಲಿ ಸಿಕ್ಕಿಕೊಂಡ ಗುಳ್ಳೆ ಒಮ್ಮೆಲೇ ರಿಸರ್ವಾಯರ್‌ಗೆ ಬಂದು ಒಡೆಯುತ್ತದೆ. ಸದ್ದು ನಿಂತು ಪಂಪಿನ ಸಣ್ಣ ಗುಂಯ್ ಮಾತ್ರ ಉಳಿದಾಗ ಒಂದು ರಾತ್ರಿ ಹಾಗೇ ಓಡಲು ಬಿಡಿ. ಬೆಳಗ್ಗೆ ಟಿಶ್ಯೂ ಒಣಗಿದ್ದರೆ ಉಳಿದ ಕೇಬಲ್ ಹಾಕಿ.

ಫ್ಯಾನ್ ವೇಗ ನೀರಿನ ಬಿಸಿಗೆ ಕಟ್ಟಿ

ಎರಡು ಪಿನ್ನಿನ ಸೆನ್ಸರ್ ಜಾಗ ಬೇಕೆಂದು ಹೇಳಿದ್ದು ಇದಕ್ಕೆ. ಪ್ರೊಸೆಸರ್ ಬಿಸಿ ಒಂದು ಸೆಕೆಂಡಿನಲ್ಲಿ 20 ಡಿಗ್ರಿ ಹಾರುತ್ತದೆ, ಫ್ಯಾನ್ ಅದನ್ನು ನೋಡಿ ಓಡಿದರೆ ಇಡೀ ದಿನ ಏರಿ ಇಳಿಯುವ ಸದ್ದು. ನೀರು ನಿಧಾನವಾಗಿ ಬಿಸಿಯಾಗಿ ನಿಧಾನವಾಗಿ ಆರುತ್ತದೆ. ಲೂಪಿನಲ್ಲಿ ಒಂದು ಟೆಂಪರೇಚರ್ ಸೆನ್ಸರ್ ಹಾಕಿ, ಫ್ಯಾನ್ ವೇಗವನ್ನು ಅದಕ್ಕೆ ಹೊಂದಿಸಿ. ನನ್ನದರಲ್ಲಿ 34 ಡಿಗ್ರಿ ತನಕ ಫ್ಯಾನ್ ನಿಮಿಷಕ್ಕೆ 600 ಸುತ್ತು, 44ಕ್ಕೆ ಪೂರ್ತಿ ವೇಗ. 55 ಮುಟ್ಟಿದರೆ ಯಂತ್ರ ತಾನಾಗಿ ಶಟ್‌ಡೌನ್ ಆಗುವಂತೆ ಇಟ್ಟಿದ್ದೇನೆ. ಬಿಸಿಲೂರಿನವರು ಫ್ಯಾನಿನ ಎರಡು ಅಂಕಿಗಳನ್ನು ಮಾತ್ರ ಐದಾರು ಡಿಗ್ರಿ ಮೇಲಕ್ಕೆ ತಳ್ಳಿಕೊಳ್ಳಿ, ಇಲ್ಲದಿದ್ದರೆ ಬೇಸಿಗೆಯಲ್ಲಿ ಫ್ಯಾನ್ ನಿಲ್ಲುವುದೇ ಇಲ್ಲ.

ಫಿಲ್ಟರ್ ತಿಂಗಳಿಗೊಮ್ಮೆ ತೊಳೆಯಿರಿ. ಕೂಲಂಟ್ ವರ್ಷಕ್ಕೊಮ್ಮೆ, ಹೆಚ್ಚೆಂದರೆ ಎರಡು ವರ್ಷಕ್ಕೆ ಬದಲಿಸಿ.

ನನ್ನ ಈಗಿನ ಕ್ಯಾಬಿನೆಟ್ ಬಾಗಿಲಿನ ಒಳಗಡೆ ಒಂದು ಚೀಟಿ ಅಂಟಿಸಿದ್ದೇನೆ. ನೀರು ತುಂಬಿದ ತಾರೀಕು, ಕೂಲಂಟ್ ಹೆಸರು, ಪೈಪಿನ ಅಳತೆ 10/16, ಡ್ರೈನ್ ವಾಲ್ವ್ ಎಡಗಡೆ ಕೆಳಗೆ, ಮೊದಲ ದಿನ ರೂಮು 27 ಇದ್ದಾಗ ಒಂದು ಗಂಟೆಯ ರೆಂಡರ್ ಆದ ಮೇಲೆ ನೀರು 37. ಕಳೆದ ತಿಂಗಳು ಅದೇ ಪರೀಕ್ಷೆ ಮತ್ತೆ ಮಾಡಿದೆ. ರೂಮು 27, ನೀರು 37. ಚೀಟಿಯ ಮೇಲೆ ಹೊಸ ತಾರೀಕು ಬರೆದು ಬಾಗಿಲು ಮುಚ್ಚಿದೆ.